ಟೆಂಟ್ ಒಳಗಿನ ಗಿಡಕ್ಕೆ ಎಂಥ ಎಲ್‌ಇಡಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯೊಳಗೆ ಗಿಡ ಬೆಳೆಸುವ 80×80 ಸೆಂ.ಮೀ. ಟೆಂಟ್‌ಗೆ (ಒಳಗೋಡೆ ಬೆಳಕನ್ನು ಪ್ರತಿಫಲಿಸುವ ಬಟ್ಟೆಯ ಗೂಡು) ಗ್ರೋ ಲೈಟ್, ಅಂದರೆ ಗಿಡ ಬೆಳೆಸುವ ದೀಪ, ಹುಡುಕುತ್ತಿದ್ದೇನೆ. ಒಂದರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘1000 ವ್ಯಾಟ್’ ಎಂದಿದೆ. ಒಳಗಿನ ಹಾಳೆಯಲ್ಲಿ ಮಾತ್ರ ‘ವಿದ್ಯುತ್ ಬಳಕೆ 100 ವ್ಯಾಟ್’ ಎಂದು ಸಣ್ಣದಾಗಿ ಬರೆದಿದೆ. ಯಾವುದನ್ನು ನಂಬಲಿ?

ಉತ್ತರ: ಒಳಗಿನ ಹಾಳೆಯನ್ನು ನಂಬಿ. ಡಬ್ಬದ ಮೇಲಿನ ಸಂಖ್ಯೆ ಹುಟ್ಟುವುದು ಎರಡು ರೀತಿಯಲ್ಲಿ. ಒಂದು, ‘10 ವ್ಯಾಟ್’ ಎನ್ನುವ ನೂರು ಡಯೋಡ್‌ಗಳನ್ನು (ಬೆಳಕು ಕೊಡುವ ಚಿಕ್ಕ ಎಲ್‌ಇಡಿ ಬಿಂದುಗಳನ್ನು) ಕೂರಿಸಿ, ಪ್ರತಿಯೊಂದನ್ನೂ ಒಂದೇ ವ್ಯಾಟ್‌ನಲ್ಲಿ ಉರಿಸಿ, ಲೆಕ್ಕ ಮಾತ್ರ ಪೂರ್ತಿ ಸಾಮರ್ಥ್ಯದ್ದು ಹೇಳುವುದು. ಇನ್ನೊಂದು, ಹಳೆಯ ಸೋಡಿಯಂ ದೀಪಕ್ಕೆ ‘ಸಮಾನ’ ಎಂದು ತಮಗೆ ತೋಚಿದ ಅಂಕಿ ಹಾಕುವುದು. ಪ್ಲಗ್‌ಗೂ ಗೋಡೆಯ ಸಾಕೆಟ್‌ಗೂ ನಡುವೆ ಸಿಕ್ಕಿಸುವ ಪವರ್ ಮೀಟರ್ ಇದ್ದರೆ ಎರಡು ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ.

ಆದರೆ ನಿಜವಾದ ವ್ಯಾಟ್ ಗೊತ್ತಾದರೂ ಕೆಲಸ ಅರ್ಧವೇ ಆಯಿತು. ವ್ಯಾಟ್ ಎಂದರೆ ದೀಪ ಎಳೆದುಕೊಳ್ಳುವ ವಿದ್ಯುತ್ತು. ಗಿಡಕ್ಕೆ ಬೇಕಾಗಿರುವುದು ದೀಪ ಹೊರಬಿಡುವ ಬೆಳಕಿನ ಕಣಗಳು, ಅಂದರೆ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಫೋಟಾನ್‌ಗಳು. ದೀಪ ಸೆಕೆಂಡಿಗೆ ಹೊರಬಿಡುವ ಒಟ್ಟು ಫೋಟಾನ್‌ಗಳಿಗೆ ಪಿಪಿಎಫ್ ಎನ್ನುತ್ತಾರೆ. ಅದನ್ನು ಮೈಕ್ರೊಮೋಲ್‌ನಲ್ಲಿ ಎಣಿಸುತ್ತಾರೆ (ಡಜನ್‌ನಂತೆ ಇದೂ ಎಣಿಕೆಯ ಒಂದು ಗುಂಪು, ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್). ಪಿಪಿಎಫ್ ಅನ್ನು ವ್ಯಾಟ್‌ನಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ. ಕೊಳ್ಳುವಾಗ ಮೊದಲು ಕೇಳಬೇಕಾದ ಅಂಕಿ ಇದೇ. ಹಳೆಯ ಮಾದರಿಯ ಗುಲಾಬಿ-ನೇರಳೆ ದೀಪಗಳಲ್ಲಿ ಒಂದು ಜೂಲ್‌ಗೆ, ಅಂದರೆ ಒಂದು ವ್ಯಾಟ್ ಒಂದು ಸೆಕೆಂಡು ಉರಿದಷ್ಟು ವಿದ್ಯುತ್ತಿಗೆ, 1.5 ಮೈಕ್ರೊಮೋಲ್ ಆಸುಪಾಸು ಇರುತ್ತದೆ. ಈಗಿನ ಒಳ್ಳೆಯ ಬಿಳಿ ದೀಪಗಳಲ್ಲಿ 2.5ರಿಂದ 3ರವರೆಗೆ ಇರುತ್ತದೆ.

ನಿಮ್ಮ ಟೆಂಟ್‌ಗೇ ಲೆಕ್ಕ ಹಾಕೋಣ. ವಿಸ್ತೀರ್ಣ 0.64 ಚದರ ಮೀಟರ್. ಗೋಡೆಗೆ ಬಡಿದು ಸುಮಾರು ಶೇ 15ರಷ್ಟು ಬೆಳಕು ನಷ್ಟ ಎಂದಿಟ್ಟುಕೊಳ್ಳಿ. 100 ವ್ಯಾಟ್ ದೀಪದ ದಕ್ಷತೆ 1.5 ಆಗಿದ್ದರೆ ಎಲೆಯ ಮಟ್ಟಕ್ಕೆ ಚದರ ಮೀಟರಿಗೆ ಸೆಕೆಂಡಿಗೆ ಸರಾಸರಿ 200 ಮೈಕ್ರೊಮೋಲ್ ಬೀಳುತ್ತದೆ. ದಕ್ಷತೆ 2.7 ಆಗಿದ್ದರೆ ಅಷ್ಟೇ ವಿದ್ಯುತ್ತಿಗೆ ಸುಮಾರು 360 ಬೀಳುತ್ತದೆ. ಮೊದಲನೆಯದರಲ್ಲಿ ಸೊಪ್ಪು ಕಷ್ಟಪಟ್ಟು ಬೆಳೆದೀತು. ಎರಡನೆಯದರಲ್ಲಿ ಸೊಪ್ಪು ಪುಷ್ಕಳವಾಗಿ ಬರುತ್ತದೆ, ಗಿಡ್ಡ ತಳಿಯ ಮೆಣಸಿನ ಗಿಡವೂ ಕಾಯಿ ಕಚ್ಚುತ್ತದೆ. ಪಿಪಿಎಫ್ ಅಂಕಿಯನ್ನೇ ಕೊಡದ ತಯಾರಕರ ದೀಪವನ್ನು ಕೈಬಿಡುವುದು ಒಳ್ಳೆಯದು.

ಪ್ರಶ್ನೆ: ಪಿಪಿಎಫ್‌ಡಿ, ಡಿಎಲ್‌ಐ ಎಂದೆಲ್ಲ ಓದಿ ತಲೆ ಚಿಟ್ಟು ಹಿಡಿದಿದೆ. ನನ್ನ ಗಿಡಕ್ಕೆ ಎಷ್ಟು ವ್ಯಾಟ್ ದೀಪ ಬೇಕೆಂದು ನಾನೇ ಲೆಕ್ಕ ಹಾಕಿಕೊಳ್ಳುವ ದಾರಿ ಇದೆಯೇ?

ಉತ್ತರ: ಇದೆ, ಆದರೆ ಲೆಕ್ಕವನ್ನು ಗಿಡದಿಂದ ಶುರು ಮಾಡಿ ದೀಪಕ್ಕೆ ಬರಬೇಕು. ದೀಪ ಕೊಂಡ ಮೇಲೆ ಗಿಡಕ್ಕೆ ಹೊಂದಿಸಲು ಹೊರಟರೆ ಹೆಚ್ಚಿನ ಸಲ ದುಡ್ಡೂ ಹೋಗುತ್ತದೆ, ಎಲೆಯೂ ಸುಡುತ್ತದೆ.

ಪಿಪಿಎಫ್‌ಡಿ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬೀಳುವ ಫೋಟಾನ್‌ಗಳು. ಡಿಎಲ್‌ಐ ಎಂದರೆ ಅದೇ ಜಾಗಕ್ಕೆ ಇಡೀ ದಿನದಲ್ಲಿ ಬಿದ್ದದ್ದರ ಮೊತ್ತ, ಅದನ್ನು ಮೋಲ್‌ನಲ್ಲಿ ಹೇಳುತ್ತಾರೆ. ಪಿಪಿಎಫ್‌ಡಿಯನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ಡಿಎಲ್‌ಐ ಬರುತ್ತದೆ. ಮೊಳಕೆಯೊಡೆದ ಸಸಿಗಳಿಗೆ ದಿನಕ್ಕೆ 6ರಿಂದ 10 ಮೋಲ್ ಸಾಕು. ಲೆಟಿಸ್‌ನಂಥ ಸೊಪ್ಪುಗಳಿಗೆ 12ರಿಂದ 17, ಬೇಸಿಲ್‌ಗೆ ಅದಕ್ಕಿಂತ ತುಸು ಮೇಲೆ. ಟೊಮೆಟೊ, ಮೆಣಸಿನಕಾಯಿ ಕಾಯಿ ತುಂಬಬೇಕಾದರೆ 20ರಿಂದ 30 ಬೇಕಾಗುತ್ತದೆ.

ಈಗ 60×60 ಸೆಂ.ಮೀ. ಟೆಂಟ್‌ನಲ್ಲಿ ಸೊಪ್ಪು ಬೆಳೆಯುವುದಾದರೆ ಹೀಗೆ ಹೋಗಿ: ಗುರಿ 14 ಮೋಲ್, ದೀಪ ದಿನಕ್ಕೆ 16 ಗಂಟೆ. 14ನ್ನು 0.0576ರಿಂದ (16×0.0036) ಭಾಗಿಸಿದರೆ 243, ಇದು ಬೇಕಾದ ಪಿಪಿಎಫ್‌ಡಿ. ಜಾಗ 0.36 ಚದರ ಮೀಟರ್, ಗುಣಿಸಿದರೆ ಸುಮಾರು 88 ಮೈಕ್ರೊಮೋಲ್. ಗೋಡೆಯ ನಷ್ಟಕ್ಕೆ 0.85ರಿಂದ ಭಾಗಿಸಿ, 103. ದೀಪದ ದಕ್ಷತೆ 2.6 ಎಂದಾದರೆ 40 ವ್ಯಾಟ್. ಇಷ್ಟೇ! ಇಂಥ ಟೆಂಟ್‌ಗೆ 150 ವ್ಯಾಟ್ ದೀಪ ತಂದು, ಲೆಟಿಸ್ ಎಲೆಯ ಅಂಚು ಏಕೆ ಕಂದಾಗುತ್ತಿದೆ ಎಂದು ಕೇಳುವವರೇ ಹೆಚ್ಚು.

120×120 ಸೆಂ.ಮೀ. ಟೆಂಟ್‌ನಲ್ಲಿ ಟೊಮೆಟೊ ಎಂದಾದರೆ ಚಿತ್ರ ಬದಲಾಗುತ್ತದೆ. ಗುರಿ 25 ಮೋಲ್, 14 ಗಂಟೆ ಬೆಳಕು ಎಂದರೆ ಪಿಪಿಎಫ್‌ಡಿ 500ರ ಹತ್ತಿರ ಬೇಕು. ಅದೇ ದಾರಿಯಲ್ಲಿ ನಡೆದರೆ ಒಟ್ಟು 840 ಮೈಕ್ರೊಮೋಲ್, 2.7 ದಕ್ಷತೆಯ ದೀಪದಲ್ಲಿ 310 ವ್ಯಾಟ್. ಇಲ್ಲಿ 350 ವ್ಯಾಟ್‌ನ, ಡಿಮ್ಮರ್ ಇರುವ ದೀಪ ಕೊಂಡು ಶೇ 85–90ರಲ್ಲಿ ಉರಿಸಿ. ಕಡಿಮೆ ಕರೆಂಟ್‌ನಲ್ಲಿ ಡಯೋಡ್ ತಂಪಾಗಿರುತ್ತದೆ, ವ್ಯಾಟ್‌ಗೆ ಸಿಗುವ ಬೆಳಕೂ ಸ್ವಲ್ಪ ಹೆಚ್ಚುತ್ತದೆ.

ಒಂದು ಎಚ್ಚರಿಕೆ. ಕಡಿಮೆ ಪಿಪಿಎಫ್‌ಡಿಯನ್ನು ಹೆಚ್ಚು ಗಂಟೆ ಉರಿಸಿ ಅದೇ ಡಿಎಲ್‌ಐ ಮುಟ್ಟಿಸಬಹುದು. ಸೊಪ್ಪಿಗೆ ಅದು ಒಳ್ಳೆಯದೇ, ದೀಪವೂ ಚಿಕ್ಕದು ಸಾಕು. ಆದರೆ ಹಗಲಿನ ಉದ್ದ ನೋಡಿ ಹೂಬಿಡುವ ಗಿಡಗಳಿಗೆ ಇದು ಕೆಲಸಕ್ಕೆ ಬಾರದು. ಅದರ ಮಾತು ಮುಂದಿನ ಒಂದು ಉತ್ತರದಲ್ಲಿದೆ.

ಪ್ರಶ್ನೆ: ಗಿಡ ಹಸಿರು ಬೆಳಕನ್ನು ಬಳಸುವುದಿಲ್ಲ, ಅದಕ್ಕೇ ಎಲೆ ಹಸಿರಾಗಿ ಕಾಣುವುದು, ಹಾಗಾಗಿ ಕೆಂಪು-ನೀಲಿ ದೀಪವೇ ಸರಿ ಎನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಈ ನಂಬಿಕೆ ಬಂದಿರುವುದು ಎಲೆಯಿಂದ ಹೊರತೆಗೆದ ಕ್ಲೋರೋಫಿಲ್ ದ್ರಾವಣದ ನಕ್ಷೆಯಿಂದ. ಆ ನಕ್ಷೆಯಲ್ಲಿ ಹಸಿರಿನ ಜಾಗ ಹೆಚ್ಚುಕಡಿಮೆ ಖಾಲಿ. ಜೀವಂತ ಎಲೆ ಹಾಗಲ್ಲ. ಒಳಗೆ ಹೊಕ್ಕ ಹಸಿರು ಬೆಳಕು ಜೀವಕೋಶಗಳ ನಡುವೆ ಅತ್ತಿಂದಿತ್ತ ಚದುರಿ, ಬಹುಪಾಲು ಹೀರಿಕೆಯಾಗಿಯೇ ಬಿಡುತ್ತದೆ. ವಿಜ್ಞಾನಿ ಕೆ. ಜೆ. ಮೆಕ್ರೀ 1972ರಲ್ಲಿ 22 ಜಾತಿಯ ಬೆಳೆಗಳ ಎಲೆಗಳನ್ನು ಅಳೆದು ಪ್ರಕಟಿಸಿದ ಫಲಿತಾಂಶದಲ್ಲಿ ಹಸಿರು ಬೆಳಕಿಗೂ ಗಣನೀಯ ಪ್ರಮಾಣದ ದ್ಯುತಿಸಂಶ್ಲೇಷಣೆ ಇದೆ. ಕೆಂಪು, ನೀಲಿ ಮೇಲಿನ ಪದರದಲ್ಲೇ ಮುಗಿದುಹೋದರೆ ಹಸಿರು ಎಲೆಯ ಆಳಕ್ಕೆ, ಎಲೆ ದಾಟಿ ಕೆಳಗಿನ ಎಲೆಗೂ ಇಳಿಯುತ್ತದೆ.

ಹಾಗಾಗಿ ನಮ್ಮ ಆಯ್ಕೆ ಬಿಳಿ ಎಲ್‌ಇಡಿ, ಜೊತೆಗೆ 660 ನ್ಯಾನೊಮೀಟರ್‌ನ ಒಂದಷ್ಟು ಗಾಢ ಕೆಂಪು ಡಯೋಡ್‌ಗಳು. ಕೆಂಪು ಫೋಟಾನ್‌ಗೆ ಶಕ್ತಿ ಕಡಿಮೆ ಸಾಕಾಗುವುದರಿಂದ ಅದೇ ವ್ಯಾಟ್‌ನಲ್ಲಿ ಹೆಚ್ಚು ಫೋಟಾನ್ ಸಿಗುತ್ತವೆ. ಆ ಕೆಂಪು ಸೇರಿಸುವ ಉದ್ದೇಶವೇ ಅದು. ಬಿಳಿಯ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 3000 ಕೆಲ್ವಿನ್ ಕೆಂಪಿನ ಕಡೆಗೆ ವಾಲುತ್ತದೆ, ಗಿಡ ತುಸು ಉದ್ದವಾಗಿ ಬರುತ್ತದೆ. 5000 ಕೆಲ್ವಿನ್‌ನಲ್ಲಿ ನೀಲಿ ಹೆಚ್ಚು, ಗಿಡ ಗಿಡ್ಡವಾಗಿ ದಟ್ಟವಾಗುತ್ತದೆ. ಬೀಜದಿಂದ ಕಾಯಿಯವರೆಗೆ ಒಂದೇ ದೀಪ ಎನ್ನುವವರಿಗೆ 3500 ಅಥವಾ 4000 ಹೊಂದುತ್ತದೆ.

ಬಿಳಿ ಬೆಳಕಿನ ಇನ್ನೊಂದು ಲಾಭವನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ: ಗಿಡ ಕಣ್ಣಿಗೆ ಕಾಣುತ್ತದೆ. ನೇರಳೆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪು-ಬೂದು. ನರಗಳ ನಡುವೆ ಹಳದಿ ತಿರುಗಿದ್ದೂ, ಎಲೆಯಡಿ ನುಸಿ ಕೂತದ್ದೂ ಗೊತ್ತಾಗುವ ಹೊತ್ತಿಗೆ ವಾರ ಕಳೆದಿರುತ್ತದೆ.

730 ನ್ಯಾನೊಮೀಟರ್‌ನ ದೂರಕೆಂಪು ಡಯೋಡ್ ಇರುವ ದೀಪವಾದರೆ ಅದಕ್ಕೆ ಪ್ರತ್ಯೇಕ ಸ್ವಿಚ್ ಇದೆಯೇ ನೋಡಿ. ಪಕ್ಕದ ಗಿಡದ ನೆರಳು ಬಿದ್ದಾಗ ಸಿಗುವ ಬೆಳಕಿನಲ್ಲಿ ದೂರಕೆಂಪಿನ ಪಾಲು ಹೆಚ್ಚು. ಅದು ಜಾಸ್ತಿಯಾದರೆ ಗಿಡ ತಾನು ನೆರಳಿನಲ್ಲಿದ್ದೇನೆಂದು ಬಗೆದು ಕಾಂಡವನ್ನು ಎತ್ತರಕ್ಕೆ ಎಳೆಯುತ್ತದೆ. ಎತ್ತರ ಕಡಿಮೆಯಿರುವ ಟೆಂಟ್‌ನಲ್ಲಿ ಅದು ತೊಂದರೆಯೇ.

ಪ್ರಶ್ನೆ: ದೀಪದ ಜೊತೆ ಬಂದ ನಕ್ಷೆಯಲ್ಲಿ ಪಿಪಿಎಫ್‌ಡಿ 900 ಎಂದಿದೆ. ಆದರೂ ಮೂಲೆಯ ಕುಂಡಗಳಲ್ಲಿ ಗಿಡ ಸಣಕಲಾಗಿ ಮಧ್ಯಕ್ಕೆ ವಾಲುತ್ತಿದೆ. ದೀಪ ಕೆಟ್ಟಿದೆಯೇ?

ಉತ್ತರ: ದೀಪ ಕೆಟ್ಟಿಲ್ಲ, ಆ 900 ಮಧ್ಯದ ಒಂದು ಬಿಂದುವಿನ ಅಂಕಿ. ನಕ್ಷೆಯಲ್ಲಿ ಮೂಲೆಯ ಅಂಕಿ ನೋಡಿ, 250–300 ಇದ್ದರೂ ಆಶ್ಚರ್ಯವಿಲ್ಲ. ಯಾವ ಎತ್ತರದಿಂದ ಅಳೆದದ್ದು, ಸುತ್ತ ಪ್ರತಿಫಲಿಸುವ ಗೋಡೆ ಇತ್ತೇ, ಟೆಂಟ್ ಎಷ್ಟು ದೊಡ್ಡದಿತ್ತು ಎಂಬ ಮೂರೂ ಬರೆದಿರದ ನಕ್ಷೆಗೆ ಬೆಲೆಯಿಲ್ಲ. ಡಯೋಡ್‌ಗಳ ಮೇಲೆ ಕಿರಿದಾದ ಮಸೂರ ಕೂರಿಸಿದರೆ ಮಧ್ಯದ ಅಂಕಿ ಇನ್ನೂ ಏರುತ್ತದೆ, ಒಟ್ಟು ಬೆಳಕು ಒಂದು ಕಣವೂ ಹೆಚ್ಚುವುದಿಲ್ಲ.

ಸಮನಾಗಿ ಹರಡುವುದೇ ಮುಖ್ಯವಾದರೆ ಉದ್ದ ಪಟ್ಟಿಗಳ ದೀಪ, ಅಂದರೆ ಟೆಂಟ್‌ನ ಬಹುಪಾಲು ಅಗಲವನ್ನು ತುಂಬುವ ನಾಲ್ಕಾರು ಬಾರ್‌ಗಳ ಚೌಕಟ್ಟು ತನ್ನಿ. ಒಂದೇ ಹಲಗೆಯ ಬೋರ್ಡ್ ದೀಪ 60×60, 80×80ರವರೆಗೆ ಚೆನ್ನಾಗಿ ನಡೆಯುತ್ತದೆ. ಬೆಳಕೆಲ್ಲ ಒಂದೇ ಚುಕ್ಕೆಯಿಂದ ಹೊರಡುವ ಸಿಒಬಿ ದೀಪವನ್ನು ಗಿಡ್ಡ ಟೆಂಟ್‌ಗೆ ತರಬೇಡಿ.

ಈಗಿರುವುದರಲ್ಲೇ ಸರಿಪಡಿಸಲು ಮೊದಲು ಅಳೆಯಿರಿ. ಫೋಟಾನ್ ಅಳೆಯುವ ಮೀಟರ್ ಇಲ್ಲದಿದ್ದರೆ ಮೊಬೈಲ್‌ನ ಲಕ್ಸ್ ಮೀಟರ್ ಸಾಕು. ಎಲೆಯ ಮಟ್ಟದಲ್ಲಿ ರಟ್ಟು ಹಾಸಿ, ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಜಾಗ ಗುರುತು ಮಾಡಿ, ಸೆನ್ಸರ್ ಮೇಲ್ಮುಖವಾಗಿರುವಂತೆ ಫೋನನ್ನು ಮಲಗಿಸಿ ಓದಿಕೊಳ್ಳಿ. ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು 67ರಿಂದ ಭಾಗಿಸಿದರೆ ಪಿಪಿಎಫ್‌ಡಿಯ ಅಂದಾಜು ಬರುತ್ತದೆ. 20,000 ಲಕ್ಸ್ ಎಂದರೆ 300ರ ಹತ್ತಿರ. ನೇರಳೆ ದೀಪಕ್ಕೆ ಈ ಭಾಗಾಕಾರ ಸಲ್ಲದು, ಏಕೆಂದರೆ ಲಕ್ಸ್ ಮನುಷ್ಯನ ಕಣ್ಣಿನ ಅಳತೆ, ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಫೋನ್ ಸೆನ್ಸರ್ ಒಟ್ಟು ಅಂಕಿಯಲ್ಲಿ ಎಡವಿದರೂ ಮಧ್ಯಕ್ಕೂ ಮೂಲೆಗೂ ಇರುವ ವ್ಯತ್ಯಾಸವನ್ನು ಸರಿಯಾಗಿಯೇ ತೋರಿಸುತ್ತದೆ, ನಿಮಗೀಗ ಬೇಕಿರುವುದೂ ಅದೇ.

ವ್ಯತ್ಯಾಸ ದುಪ್ಪಟ್ಟಿಗಿಂತ ಹೆಚ್ಚಿದ್ದರೆ ದೀಪವನ್ನು 10 ಸೆಂ.ಮೀ. ಮೇಲಕ್ಕೆತ್ತಿ, ಡಿಮ್ಮರ್ ಏರಿಸಿ ಮತ್ತೆ ಅಳೆಯಿರಿ. ಮೂಲೆಗೆ ಬೇಸಿಲ್, ಸೊಪ್ಪು ಸರಿಸಿ, ಕಾಯಿ ಬಿಡುವ ಗಿಡವನ್ನು ನಡುವೆ ತನ್ನಿ. ಟೆಂಟ್ ಬಾಗಿಲನ್ನು ಪೂರ್ತಿ ಮುಚ್ಚಿಡಿ. ತೆರೆದ ಬಾಗಿಲಿನ ಕಡೆಯ ಸಾಲಿಗೆ ಪ್ರತಿಫಲನ ತಪ್ಪಿಹೋಗುತ್ತದೆ.

ಪ್ರಶ್ನೆ: ಗಿಡದ ತುದಿಯ ಎಲೆಗಳು ಬಿಳಿಚಿಕೊಂಡಿವೆ, ಅಂಚು ಮೇಲಕ್ಕೆ ಮಡಚಿದೆ. ಗೊಬ್ಬರ ಕೊಟ್ಟರೂ ಹಸಿರಾಗಲಿಲ್ಲ. 150 ವ್ಯಾಟ್ ದೀಪ ಗಿಡಕ್ಕಿಂತ 20 ಸೆಂ.ಮೀ. ಮೇಲಿದೆ.

ಉತ್ತರ: ಇನ್ನು ಗೊಬ್ಬರ ಕೊಡಬೇಡಿ. ಇದು ಬೆಳಕು ಹೆಚ್ಚಾದ ಲಕ್ಷಣ. ಖಾತ್ರಿ ಮಾಡಿಕೊಳ್ಳಲು ಮೇಲಿನ ಎಲೆಗಳನ್ನು ಹತ್ತಿರದಿಂದ ನೋಡಿ. ಒಂದರ ಮೇಲೊಂದು ಎಲೆ ಚಾಚಿಕೊಂಡಿರುವ ಕಡೆ ಮೇಲಿನದನ್ನು ಮೆಲ್ಲನೆ ಸರಿಸಿದರೆ, ಕೆಳಗಿನ ಎಲೆಯಲ್ಲಿ ನೆರಳು ಬಿದ್ದಷ್ಟು ಭಾಗ ಅಚ್ಚ ಹಸಿರಾಗಿಯೂ ಉಳಿದದ್ದು ಬಿಳಿಚಿಕೊಂಡೂ ಇರುತ್ತದೆ. ಕೆಲವೊಮ್ಮೆ ಮೇಲಿನ ಎಲೆಯ ಆಕಾರವೇ ಅಚ್ಚೊತ್ತಿದಂತೆ ಕಾಣುತ್ತದೆ. ಪೋಷಕಾಂಶದ ಕೊರತೆ ಹೀಗೆ ನೆರಳಿನ ಗೆರೆ ಹಿಡಿದು ನಿಲ್ಲುವುದಿಲ್ಲ. ಮೆಗ್ನೀಸಿಯಂ ಕೊರತೆ ಕೆಳಗಿನ ಹಳೆ ಎಲೆಗಳಿಂದ ಶುರುವಾಗುತ್ತದೆ. ಕಬ್ಬಿಣದ ಕೊರತೆ ಚಿಗುರೆಲೆಯಲ್ಲೇ ಬಂದರೂ ನರಗಳು ಹಸಿರಾಗಿ ಎದ್ದು ಕಾಣುತ್ತವೆ, ದೀಪದಿಂದ ದೂರದ ಚಿಗುರುಗಳಲ್ಲೂ ಇರುತ್ತದೆ.

ದೀಪವನ್ನು ಇಂದೇ 40 ಸೆಂ.ಮೀ.ಗೆ ಎತ್ತಿ, ಡಿಮ್ಮರ್ ಶೇ 60ಕ್ಕೆ ಇಳಿಸಿ. ಬಿಳಿಚಿದ ಎಲೆ ಮತ್ತೆ ಹಸಿರಾಗದು, ಹೊಸ ಚಿಗುರನ್ನು ನೋಡಿ ತೀರ್ಮಾನಿಸಿ. ಚಿಗುರು ಹಸಿರಾಗಿ ಬಂದರೆ ನಾಲ್ಕೈದು ದಿನಕ್ಕೊಮ್ಮೆ ಶೇ 10ರಂತೆ ಏರಿಸುತ್ತಾ ಬನ್ನಿ. ಸಸಿಗಳಿದ್ದರೆ ಇದೇ ದೀಪ 60 ಸೆಂ.ಮೀ. ಎತ್ತರದಲ್ಲಿ, ಶೇ 30–40ರಲ್ಲಿ ಸಾಕು.

ಇದೇ ಕುಟುಂಬದ ಇನ್ನೊಂದು ತೊಂದರೆ ಲೆಟಿಸ್‌ನ ಒಳ ಎಲೆಯ ಅಂಚು ಸುಟ್ಟಂತಾಗುವುದು. ಅದು ಬೆಳಕು ನೇರವಾಗಿ ಸುಟ್ಟದ್ದಲ್ಲ. ಬೆಳವಣಿಗೆ ಜೋರಾಗಿ, ಗಾಳಿ ಆಡದ ನಡುಭಾಗದ ಎಳೆ ಎಲೆಗೆ ನೀರಿನ ಜೊತೆ ಏರಬೇಕಾದ ಕ್ಯಾಲ್ಸಿಯಂ ತಲುಪದೆ ಆಗುವುದು. ಡಿಎಲ್‌ಐ 17ಕ್ಕಿಂತ ಕೆಳಗಿಳಿಸಿ, ಚಿಕ್ಕ ಫ್ಯಾನ್‌ನ ಗಾಳಿ ಗಿಡದ ನೆತ್ತಿಯ ಮೇಲೆ ಹಾಯುವಂತೆ ಮಾಡಿ.

ಪ್ರಶ್ನೆ: 24 ಗಂಟೆ ದೀಪ ಹಾಕಿದರೆ ಬೇಗ ಬೆಳೆಯುವುದಿಲ್ಲವೇ?

ಉತ್ತರ: ಟೊಮೆಟೊಗೆ ಹಾಗೆ ಮಾಡಿದರೆ ಕತ್ತಲಿಲ್ಲದೆ ಎಲೆ ಮಚ್ಚೆ ಮಚ್ಚೆಯಾಗಿ ಹಳದಿ ತಿರುಗಿ ಇಳುವರಿ ಕುಸಿಯುತ್ತದೆ. ಅದಕ್ಕೆ 14ರಿಂದ 16 ಗಂಟೆ ಸರಿ. ಪಾಲಕ್, ಕೊತ್ತಂಬರಿ ಉದ್ದ ಹಗಲಿಗೆ ಹೂವಿನ ಕಾಂಡ ಎತ್ತುವ ಗಿಡಗಳು. 12 ಗಂಟೆ ಕೊಟ್ಟು ಪಿಪಿಎಫ್‌ಡಿ ಹೆಚ್ಚಿಸಿ, ಸೊಪ್ಪು ಹೆಚ್ಚು ದಿನ ಸಿಗುತ್ತದೆ. ಸೇವಂತಿಗೆಯದು ತಿರುಗಾಮುರುಗಾ, ಅದಕ್ಕೆ ಹೂ ಬರಲು ದೀರ್ಘ ರಾತ್ರಿ ಬೇಕು. ಕತ್ತಲ ಹೊತ್ತಿನಲ್ಲಿ ಟೆಂಟ್‌ನ ಜಿಪ್ ಸಂದಿಯಿಂದ ಕೋಣೆಯ ಬೆಳಕು ನುಗ್ಗಿದರೂ ಮೊಗ್ಗು ತಡವಾಗುತ್ತದೆ. ಲೆಟಿಸ್‌ಗೆ 16 ಗಂಟೆ ನಿಶ್ಚಿಂತೆಯಿಂದ ಕೊಡಿ.

ಪ್ರಶ್ನೆ: ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ತಂದೆವು. 150 ವ್ಯಾಟ್ ದೀಪದಲ್ಲಿ ಟೆಂಟ್ ಹೊರಗಿಗಿಂತ 7 ಡಿಗ್ರಿ ಹೆಚ್ಚು ಕಾದಿದೆ. ಮೇಲಾಗಿ ಹೊಸ ಟೈಮರ್ ಕೈಕೊಟ್ಟು ರಾತ್ರಿಯಿಡೀ ದೀಪ ಉರಿದಿದೆ.

ಉತ್ತರ: ಎಲ್‌ಇಡಿಗೆ ಹೋದ 150 ವ್ಯಾಟ್‌ನಲ್ಲಿ ಸುಮಾರು ಅರ್ಧ ಅಲ್ಲೇ ಶಾಖ. ಉಳಿದರ್ಧ ಬೆಳಕಾಗಿ ಹೊರಟರೂ ಎಲೆಗೆ, ಗೋಡೆಗೆ ಬಡಿದು ಹೆಚ್ಚುಕಡಿಮೆ ಎಲ್ಲವೂ ಶಾಖವೇ ಆಗುತ್ತದೆ. ಅದನ್ನು ಹೊರಹಾಕಲು ಎಷ್ಟು ಗಾಳಿ ಬೇಕೆಂಬ ಸರಳ ಲೆಕ್ಕ ಇದೆ. ವ್ಯಾಟ್ ಅನ್ನು 3ರಿಂದ ಗುಣಿಸಿ, ನೀವು ಒಪ್ಪುವ ತಾಪ ಏರಿಕೆಯಿಂದ ಭಾಗಿಸಿ. 3 ಡಿಗ್ರಿಯೊಳಗೆ ಇರಬೇಕೆಂದರೆ ಗಂಟೆಗೆ 150 ಘನ ಮೀಟರ್. ಕೊಳವೆಯ ತಿರುವು, ಫಿಲ್ಟರ್ ಗಾಳಿಯನ್ನು ತಡೆಯುವುದರಿಂದ ಫ್ಯಾನ್‌ನ ಮೇಲಿನ ಅಂಕಿ ಇದರ ಒಂದೂವರೆ ಪಟ್ಟಾದರೂ ಇರಲಿ. ಹೊರಹೋಗುವ ಫ್ಯಾನ್ ಮೇಲೆ, ಒಳಬರುವ ಕಿಂಡಿ ಕೆಳಗೆ ಎದುರು ಮೂಲೆಯಲ್ಲಿ. ಕಿಂಡಿ ಚಿಕ್ಕದಾದರೆ ಟೆಂಟ್‌ನ ಗೋಡೆ ಒಳಕ್ಕೆ ಎಳೆದುಕೊಳ್ಳುತ್ತದೆ, ನೋಡಿದರೇ ತಿಳಿಯುತ್ತದೆ. ದೀಪ ಆರಿದ ಮೇಲೂ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಟೆಂಟ್ ತಣ್ಣಗಾದಂತೆ ತೇವಾಂಶ ಏರಿ ಬೂದಿ ರೋಗ ಹತ್ತುವುದು ಆ ಹೊತ್ತಿನಲ್ಲೇ.

ದೀಪದ ಡ್ರೈವರ್ (ಗೋಡೆಯ ವಿದ್ಯುತ್ತನ್ನು ಡಯೋಡ್‌ಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಬಿಚ್ಚಿ ಹೊರಗಿಡುವಂತಿದ್ದರೆ ಟೆಂಟ್‌ನ ಹೊರಗೆ ತೂಗುಹಾಕಿ. ಶಾಖದ ಶೇ 6ರಿಂದ 10ರಷ್ಟು ಅಲ್ಲೇ ಕಳೆಯುತ್ತದೆ, ಡ್ರೈವರ್‌ನ ಆಯುಸ್ಸೂ ಹೆಚ್ಚುತ್ತದೆ. ಡಯೋಡ್‌ಗಿಂತ ಮೊದಲು ಸಾಯುವುದು ಸಾಮಾನ್ಯವಾಗಿ ಡ್ರೈವರ್‌ನೊಳಗಿನ ಕೆಪಾಸಿಟರ್, ಅದಕ್ಕೆ ಬಿಸಿಯೇ ಶತ್ರು. ‘50,000 ಗಂಟೆ’ ಎಂಬ ಭರವಸೆ ಡಯೋಡ್‌ನದು, ದಿನಕ್ಕೆ 16 ಗಂಟೆಯಂತೆ ಎಂಟು ವರ್ಷಕ್ಕೂ ಮೇಲೆ. ಡ್ರೈವರ್‌ಗೆ ಎಷ್ಟು ವರ್ಷದ ವಾರಂಟಿ ಎಂದು ಬೇರೆಯಾಗಿ ಕೇಳಿ. ಡ್ರೈವರ್ ಬದಲಾಯಿಸಲು ಬರುವಂಥ ದೀಪವನ್ನೇ ಆರಿಸಿ.

ಟೈಮರ್ ವಿಷಯ. ಸ್ವಿಚ್ ಬಿದ್ದ ಆ ಮಿಲಿಸೆಕೆಂಡಿನಲ್ಲಿ ಡ್ರೈವರ್‌ನ ಕೆಪಾಸಿಟರ್‌ಗಳು ತುಂಬಿಕೊಳ್ಳಲು ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತವೆ. ಟೈಮರ್‌ನ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೂ ಅದು ಹೀಟರ್‌ನಂಥ ಸರಳ ಭಾರಕ್ಕೆ ಹೇಳಿದ ಮಾತು. ಒಳಗಿನ ರಿಲೇ ತುದಿಗಳು ಪ್ರತಿದಿನ ಕಿಡಿ ಹಾರಿ ಕೊನೆಗೊಮ್ಮೆ ಬೆಸೆದುಕೊಳ್ಳುತ್ತವೆ, ದೀಪ ಆರುವುದೇ ಇಲ್ಲ. ಎಲೆಕ್ಟ್ರಿಷಿಯನ್‌ರಿಂದ ಕಾಂಟ್ಯಾಕ್ಟರ್ (ಇಂಥ ಕರೆಂಟ್ ತಾಳುವ ಗಟ್ಟಿ ಸ್ವಿಚ್) ಹಾಕಿಸಿ, ಟೈಮರ್ ಬರೀ ಅದನ್ನು ಎಳೆಯಲಿ. 0–10 ವೋಲ್ಟ್ ಡಿಮ್ಮಿಂಗ್ ತಂತಿ ಇರುವ ದೀಪವಾದರೆ, ನಿಧಾನಕ್ಕೆ ಬೆಳಗಿಸಿ ಆರಿಸುವ ಕಂಟ್ರೋಲರ್ ಇನ್ನೂ ಒಳ್ಳೆಯದು, ಆದರೆ ಡ್ರೈವರ್ ಪೂರ್ತಿ ಆರುವ ಸೌಲಭ್ಯದ್ದೇ ಎಂದು ನೋಡಿಕೊಳ್ಳಿ. ಕೆಲವು ಡ್ರೈವರ್‌ಗಳು ಶೇ 10ಕ್ಕಿಂತ ಕೆಳಗಿಳಿಯುವುದಿಲ್ಲ. ಎರಡು ದೀಪಗಳಿದ್ದರೆ ಒಂದು ನಿಮಿಷದ ಅಂತರದಲ್ಲಿ ಹೊತ್ತಿಸಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಬಿಟ್ಟು ಬೇರೆ ಬಳಸಬೇಡಿ. ಪ್ಲಗ್‌ಗೆ ಹೋಗುವ ವೈರ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ, ಅದರಗುಂಟ ಇಳಿದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಬರೀ ಒಂದು ತಟ್ಟೆ ಸಸಿ ಎಬ್ಬಿಸಲು ಮನೆಯ 9 ವ್ಯಾಟ್ ಬಲ್ಬ್ ಸಾಲದೇ?

ಉತ್ತರ: ಸಾಲುತ್ತದೆ, ಅದಕ್ಕಾಗಿ ಗ್ರೋ ಲೈಟ್ ಕೊಳ್ಳಬೇಡಿ. 900 ಲ್ಯುಮೆನ್‌ನ ಬಿಳಿ ಬಲ್ಬ್ ಸೆಕೆಂಡಿಗೆ 13 ಮೈಕ್ರೊಮೋಲ್ ಆಸುಪಾಸು ಕೊಡುತ್ತದೆ. 30×30 ಸೆಂ.ಮೀ. ತಟ್ಟೆಯ ಮೇಲೆ ಇಂಥ ಎರಡು ಬಲ್ಬ್‌ಗಳನ್ನು 15–20 ಸೆಂ.ಮೀ. ಎತ್ತರದಲ್ಲಿ ಇಳಿಬಿಟ್ಟು, ಸುತ್ತ ಬಿಳಿ ರಟ್ಟು ನಿಲ್ಲಿಸಿದರೆ ಪಿಪಿಎಫ್‌ಡಿ 150ರ ಮೇಲೆ ಬರುತ್ತದೆ. ದಿನಕ್ಕೆ 16 ಗಂಟೆ ಕೊಡಿ. 4000ದಿಂದ 6500 ಕೆಲ್ವಿನ್ ನಡುವಿನ ಯಾವುದಾದರೂ ಆದೀತು. ಬಲ್ಬ್‌ನ ಬುಡ ಬಿಸಿಯಾಗುವುದರಿಂದ ರಟ್ಟಿನ ಮೇಲ್ಭಾಗ ತೆರೆದೇ ಇರಲಿ. ಸಸಿಗೆ ಎರಡು ಜೊತೆ ನಿಜ ಎಲೆ ಬಂದ ಮೇಲೆ ದೊಡ್ಡ ದೀಪದಡಿಗೆ ಸರಿಸಿ, ಮೊದಲ ನಾಲ್ಕು ದಿನ ಆ ದೀಪ ಶೇ 30ರಲ್ಲೇ ಇರಲಿ.